ಆನೆಯ ಬಾಲದ ಕೂದಲು ಎಷ್ಟು ಹೇಳಬಲ್ಲದು?

ಮಕ್ಕಳೇ, ಆನೆಯ ಬಾಲದ ಕೂದಲಿನಿಂದ ಮಾಡಿದ ಉಂಗುರವನ್ನು ನೀವು ಯಾರ ಬೆರಳಲ್ಲಾದರೂ ನೋಡಿರಬಹುದು. ಅದನ್ನು ತೊಟ್ಟರೆ ಕೆಟ್ಟ ಕನಸು ಬೀಳುವುದಿಲ್ಲ ಎಂದು ನಂಬುವವರಿದ್ದಾರೆ. ಆ ಮಾತಿಗೆ ಯಾವ ಆಧಾರವೂ ಇಲ್ಲ. ಆದರೆ ಅದೇ ಕೂದಲಿನಲ್ಲಿ ಬೇರೊಂದು ಗುಟ್ಟು ಇದೆ. ಆ ಆನೆ ಹಿಂದಿನ ತಿಂಗಳುಗಳಲ್ಲಿ ಹುಲ್ಲು ತಿಂದಿತ್ತೋ, ಮರದ ಸೊಪ್ಪು ತಿಂದಿತ್ತೋ ಎಂಬ ಲೆಕ್ಕ ಅದರೊಳಗೆ ಉಳಿದಿರುತ್ತದೆ. ಈ ಲೆಕ್ಕವನ್ನು ನಾವು ಕೇಳಬೇಕು, ಆದರೆ ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಬಳಸಿ ಗಿಡಗಳು ಆಹಾರ ತಯಾರಿಸುತ್ತವೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಅದರಲ್ಲಿರುವ ಕಾರ್ಬನ್ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಹೆಚ್ಚಿನವು ಕಾರ್ಬನ್-12. ನೂರರಲ್ಲಿ ಸುಮಾರು ಒಂದು ಮಾತ್ರ ಕಾರ್ಬನ್-13. ಅದರಲ್ಲಿ ಒಂದು ನ್ಯೂಟ್ರಾನ್ ಹೆಚ್ಚಾಗಿರುವುದರಿಂದ ಅದು ಸ್ವಲ್ಪ ಭಾರ. ಇಂಥ ಅಣ್ಣತಮ್ಮಂದಿರನ್ನು ಐಸೋಟೋಪುಗಳು ಅಥವಾ ಸಮಸ್ಥಾನಿಗಳು ಎನ್ನುತ್ತೇವೆ. ಇವೆರಡೂ ಕಾಲ ಕಳೆದಂತೆ ಬೇರೆಯಾಗಿ ಬದಲಾಗುವುದಿಲ್ಲ. ಆದ್ದರಿಂದ ಇವು ಸ್ಥಿರ ಐಸೋಟೋಪುಗಳು.

ಅಕ್ಕಿ ಆರಿಸುವುದನ್ನು ನೆನೆಸಿಕೊಳ್ಳಿ. ಕೆಲವರು ಒಂದೊಂದೇ ಕಾಳನ್ನು ನೋಡಿ ಆರಿಸುತ್ತಾರೆ, ಕೆಲವರು ಮೇಲೆ ಮೇಲೆ ಕಣ್ಣಾಡಿಸಿ ಮುಗಿಸುತ್ತಾರೆ. ಗಿಡಗಳಲ್ಲೂ ಹೀಗೇ ಎರಡು ಬಗೆ. ಮರಗಳು, ಭತ್ತ, ತೊಗರಿ ಭಾರದ ಕಾರ್ಬನ್ನನ್ನು ಹೆಚ್ಚಾಗಿ ಹೊರಗೇ ಬಿಡುತ್ತವೆ. ಇವನ್ನು ಸಿ-3 ಸಸ್ಯಗಳು ಎನ್ನುತ್ತಾರೆ. ರಾಗಿ, ಜೋಳ, ಕಬ್ಬು ಮತ್ತು ನಮ್ಮ ಬಿಸಿಲುನಾಡಿನ ಬಹಳಷ್ಟು ಹುಲ್ಲುಗಳು ಅಷ್ಟು ಆರಿಸುವುದಿಲ್ಲ. ಇವು ಸಿ-4 ಸಸ್ಯಗಳು. ಬಿದಿರು ಹುಲ್ಲಿನ ಕುಟುಂಬಕ್ಕೆ ಸೇರಿದ್ದರೂ ಈ ವಿಷಯದಲ್ಲಿ ಮರಗಳ ಪಕ್ಷ! ಒಂದು ಲಕ್ಷ ಕಾರ್ಬನ್ ಪರಮಾಣುಗಳನ್ನು ಎಣಿಸಿದರೆ ಮರದ ಸೊಪ್ಪಿನಲ್ಲಿ ಭಾರದವು ಸುಮಾರು 1,076, ಹುಲ್ಲಿನಲ್ಲಿ ಸುಮಾರು 1,091. ವ್ಯತ್ಯಾಸ ಬರೀ ಹದಿನೈದು. ಆದರೂ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಅದನ್ನು ಪತ್ತೆ ಮಾಡುತ್ತದೆ. ತಿಂದದ್ದೇ ಮೈಯಾಗುವುದರಿಂದ ಈ ಗುರುತು ಆನೆಯ ಮೂಳೆಗೂ ಕೂದಲಿಗೂ ಬರುತ್ತದೆ.

ನಾನು ತುಂಬ ವರ್ಷ ಆಹಾರ ಸರಪಳಿಯ ಚಾರ್ಟಿನಲ್ಲಿ ಹುಲ್ಲಿನಿಂದ ಆನೆಗೆ ಒಂದು ಬಾಣದ ಗುರುತು ಹಾಕಿ ಸುಮ್ಮನಾಗುತ್ತಿದ್ದೆ. ಅದು ಅರ್ಧ ಸತ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಅವರು ದಕ್ಷಿಣ ಭಾರತದ ಕಾಡಾನೆಗಳ ಮೂಳೆಗಳನ್ನು ಪರೀಕ್ಷಿಸಿ 1992ರಲ್ಲಿ ಒಂದು ಲೇಖನ ಪ್ರಕಟಿಸಿದರು. ಈ ಆನೆಗಳು ಒಂದು ಕಾಲದಲ್ಲಿ ಹೆಚ್ಚಾಗಿ ಹುಲ್ಲು, ಇನ್ನೊಂದು ಕಾಲದಲ್ಲಿ ಹೆಚ್ಚಾಗಿ ಸೊಪ್ಪು ತಿನ್ನುತ್ತವೆ. ಆದರೆ ತಿಂದ ಪ್ರಮಾಣಕ್ಕೆ ಹೋಲಿಸಿದರೆ ಮೂಳೆಯಲ್ಲಿ ಸೊಪ್ಪಿನ ಕಾರ್ಬನ್ ಪಾಲು ಹೆಚ್ಚಿಗೆ ಇತ್ತು. ಸೊಪ್ಪಿನಿಂದ ಸಿಗುವ ಪ್ರೋಟೀನು ಜಾಸ್ತಿ ಎಂಬುದು ಇದಕ್ಕೆ ಕಾರಣವಿರಬಹುದು ಎಂದು ಅವರು ಹೇಳಿದರು. ಹೊಟ್ಟೆ ತುಂಬಿಸಿದ್ದೇ ಬೇರೆ, ಮೈ ಕಟ್ಟಿದ್ದೇ ಬೇರೆ ಎಂದ ಹಾಗಾಯಿತು. ಹುಲ್ಲುಗಾವಲು ಇದ್ದರೆ ಆನೆಗೆ ಸಾಕು, ಮರ ಬಿದಿರು ಹೋದರೂ ಪರವಾಗಿಲ್ಲ ಎನ್ನುವವರಿಗೆ ನಾನು ಈಗ ಈ ಮೂಳೆಗಳ ಕಥೆ ಹೇಳುತ್ತೇನೆ. ಇನ್ನೊಂದು ಸಂಗತಿಯೂ ಅದರಲ್ಲಿತ್ತು. ಮರಿ ಆನೆಗಳ ಮೂಳೆಯ ಲೆಕ್ಕ ಒಂದರದ್ದು ಒಂದಕ್ಕೆ ಹೊಂದುತ್ತಿರಲಿಲ್ಲ. ಬೆಳೆಯುವ ಮೂಳೆ ಬೇಗ ಬೇಗ ಹೊಸದಾಗುತ್ತದಲ್ಲವೇ? ಅದರಲ್ಲಿ ಹಳೆಯ ಗುರುತು ನಿಲ್ಲುವುದಿಲ್ಲ. ಆದ್ದರಿಂದ ಆನೆಯ ವಯಸ್ಸು ತಿಳಿಯದೆ ಲೆಕ್ಕ ಓದಿದರೆ ತಪ್ಪಾಗುತ್ತದೆ.

ಮೂಳೆ ಸಿಗುವುದು ಆನೆ ಸತ್ತ ಮೇಲೆ. ಬಾಲದ ಕೂದಲಾದರೆ ಬದುಕಿರುವ ಆನೆಯಿಂದಲೇ ಪಡೆಯಬಹುದು. ಅದು ತಿಂಗಳಿಗೆ ಸುಮಾರು 2 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಬುಡದಲ್ಲಿ ಇತ್ತೀಚಿನ ಊಟ, ತುದಿಯಲ್ಲಿ ಹಳೆಯ ಊಟ. ಆಫ್ರಿಕಾದ ಕೀನ್ಯಾ ದೇಶದ ಸಂಬೂರು ಪ್ರದೇಶದಲ್ಲಿ ಥೂರ್ ಸರ್ಲಿಂಗ್ ಮತ್ತು ಸಂಗಡಿಗರು ಕೂದಲನ್ನು ತುಂಡು ತುಂಡಾಗಿ ಕತ್ತರಿಸಿ ಪರೀಕ್ಷಿಸಿದರು. ಅದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಲ್ಲಿನ ಲೂಯಿಸ್ ಎಂಬ ಗಂಡಾನೆ ಮಾತ್ರ ಉಳಿದವುಗಳಂತೆ ಇರಲಿಲ್ಲ. ಅದು ದೂರದ ಬೆಟ್ಟದ ಕಾಡಿಗೆ ಹೋಗಿ, ರಾತ್ರಿ ಹೊತ್ತು ರೈತರ ಹೊಲಗಳಿಗೆ ನುಗ್ಗಿ ಮೆಕ್ಕೆಜೋಳ ತಿನ್ನುತ್ತಿತ್ತು! ಆದರೆ ಇದು ಗೊತ್ತಾದದ್ದು ಬರೀ ಕೂದಲಿನಿಂದಲ್ಲ. ಅದರ ಕೊರಳಿಗೆ ಕಟ್ಟಿದ್ದ ಜಿಪಿಎಸ್ ಪಟ್ಟಿ ಅದು ಯಾವ ಹೊತ್ತಿನಲ್ಲಿ ಎಲ್ಲಿತ್ತು ಎಂಬುದನ್ನು ತಿಳಿಸುತ್ತಿತ್ತು.

ಈಗ ನಮ್ಮ ಕಡೆಗೆ ಬನ್ನಿ. ಹಾಸನ, ಕೊಡಗು ಜಿಲ್ಲೆಗಳಲ್ಲಿ ಗದ್ದೆ ತೋಟಗಳಿಗೆ ನುಗ್ಗುವ ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದ್ದಾರೆ. ಒಂದು ರಾತ್ರಿಯಲ್ಲಿ ವರ್ಷದ ಬೆಳೆ ಕಳೆದುಕೊಂಡ ರೈತರ ಸಂಕಟ ಸಣ್ಣದಲ್ಲ, ಆನೆ ತುಳಿತಕ್ಕೆ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಆದರೆ ಹತ್ತಾರು ಆನೆಗಳಿರುವ ಕಡೆ ಬೆಳೆ ತಿಂದದ್ದು ಯಾವುದು? ಮೊದಲು ಕಣ್ಣಿಗೆ ಬಿದ್ದದ್ದಕ್ಕೆ 'ಪುಂಡಾನೆ' ಎಂದು ಹೆಸರಿಟ್ಟರೆ ನಿರಪರಾಧಿ ಆನೆ ಜೀವಮಾನವಿಡೀ ಶಿಬಿರದಲ್ಲಿ ಇರಬೇಕಾಗಬಹುದು. ಬೆಳೆ ತಿಂದ ಆನೆ ಹೊರಗೇ ಉಳಿಯುತ್ತದೆ, ರೈತನ ಕಷ್ಟವೂ ಹಾಗೇ ಉಳಿಯುತ್ತದೆ. ಆದ್ದರಿಂದ ಒಂದು ಆನೆಗೆ ಅರಿವಳಿಕೆ ಕೊಟ್ಟಾಗಲೆಲ್ಲ ನಾಲ್ಕು ಕೂದಲು ತೆಗೆದು ಪರೀಕ್ಷೆಗೆ ಕಳಿಸುವುದು ರೂಢಿಯಾಗಲಿ ಎನ್ನುತ್ತೇನೆ.

'ಹಾಗಾದರೆ ಕೂದಲು ನೋಡಿ ಕಳ್ಳನನ್ನು ಹಿಡಿಯಬಹುದಲ್ಲ ಸಾರ್?' ಎಂದು ನೀವು ಕೇಳಬಹುದು. ಅಷ್ಟು ಸುಲಭವಿಲ್ಲ. ರಾಗಿಯೂ ಸಿ-4, ಕಾಡಿನ ಹುಲ್ಲೂ ಸಿ-4. ಭತ್ತವೂ ಸಿ-3, ಕಾಡಿನ ಸೊಪ್ಪೂ ಸಿ-3. ಕಾರ್ಬನ್ ಒಂದನ್ನೇ ನೋಡಿದರೆ ಹೊಲದ ರಾಗಿ ಯಾವುದು, ಕಾಡಿನ ಹುಲ್ಲು ಯಾವುದು ಎಂದು ಹೇಳಲು ಬರುವುದಿಲ್ಲ. ಆಗ ಹೆಜ್ಜೆ ಗುರುತು ನೋಡುವವರು ಬೇಕು, ಲದ್ದಿ ಬಿಡಿಸಿ ಅದರಲ್ಲಿ ಯಾವ ನಾರು, ಯಾವ ಕಾಳು ಇದೆ ಎಂದು ಹುಡುಕುವವರು ಬೇಕು, ರಾತ್ರಿ ಅಟ್ಟಣೆಯ ಮೇಲೆ ಕುಳಿತು ಕಿವಿಯ ಹರಕು, ದಂತದ ವಾರೆ ನೋಡಿ ಇದು ಇಂಥದೇ ಆನೆ ಎಂದು ಗುರುತು ಹಿಡಿಯುವ ರೈತನೂ ಬೇಕು. ದುಬಾರಿ ಯಂತ್ರದ ಮುಂದೆ ಇವರ ಮಾತಿಗೆ ಬೆಲೆ ಕಡಿಮೆ ಎಂದು ನನಗಂತೂ ಅನ್ನಿಸುವುದಿಲ್ಲ. ನಿಮ್ಮ ಊರಿನಲ್ಲಿ ಅಂಥವರಿದ್ದರೆ ಒಂದು ದಿನ ಶಾಲೆಗೆ ಕರೆಸಿ, ಅವರು ಆನೆಗಳನ್ನು ಹೇಗೆ ಗುರುತು ಹಿಡಿಯುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನನ್ನ ಚಾರ್ಟಿನಲ್ಲಿ ಈಗ ಹುಲ್ಲಿನ ಪಕ್ಕದಲ್ಲಿ ಒಂದು ಮರ, ಒಂದು ಬಿದಿರ ಮೆಳೆ ಇವೆ. ರಾಗಿ ಹೊಲವನ್ನು ಎಲ್ಲಿ ಬರೆಯುವುದು ಎಂದು ಇನ್ನೂ ಯೋಚಿಸುತ್ತಿದ್ದೇನೆ.