ದನ, ಧನ, ಧಣಿ

ತರಗತಿಯಲ್ಲಿ ಲೆಕ್ಕ ತಪ್ಪಿದ ಹುಡುಗನಿಗೆ ಮೇಷ್ಟ್ರು ಬೈಯೋದು ಒಂದೇ ಮಾತು: 'ದನ ಕಾಯೋಕೆ ಹೋಗೋ.' ಹಾಸ್ಟೆಲ್ ಗೆಳೆಯರಿಗೆ ಈ ಬೈಗುಳ ಹೊಸದಲ್ಲ. ನಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಜ್ಜಂದಿರು ಜೀತಕ್ಕಿದ್ದು ದನ ಕಾಯ್ದವರೇ. ಬೈದದ್ದು ಅವರನ್ನೂ ಸೇರಿಸಿ. ಆದ್ದರಿಂದ ಈ ಮಾತನ್ನು ಸ್ವಲ್ಪ ಬಗೆದು ನೋಡೋಣ.

ದನ ಅನ್ನೋದು ಧನದ ತದ್ಭವ. ಸಂಸ್ಕೃತದ ಮಹಾಪ್ರಾಣ ಜನರ ಬಾಯಲ್ಲಿ ಸವೆದು ಅಲ್ಪಪ್ರಾಣವಾಯಿತು, ಅಷ್ಟೆ. ಆಸ್ತಿ ಅಂದರೆ ದನವೇ ಆಗಿದ್ದ ಕಾಲದ ಗುರುತು ಇದು. ಕನ್ನಡದವರು ಮಾತ್ರ ಹೀಗೆ ಅಂದದ್ದಲ್ಲ. ತಮಿಳಿನಲ್ಲಿ 'ಮಾಡು' ಅಂದರೆ ದನವೂ ಹೌದು, ಸಂಪತ್ತೂ ಹೌದು. ಲ್ಯಾಟಿನ್ನಿನಲ್ಲಿ ದನಕ್ಕೆ 'ಪೆಕುಸ್', ದುಡ್ಡಿಗೆ 'ಪೆಕೂನಿಯ'. ಇಂಗ್ಲಿಷಿನ 'ಕ್ಯಾಟಲ್', 'ಕ್ಯಾಪಿಟಲ್' ಎರಡೂ ಒಂದೇ ಬೇರಿನವು. ಬಂಡವಾಳಶಾಹಿ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವ ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಲಿ.

ಸರಿ, ದನವೇ ಧನವಾದರೆ ದನ ಕಾಯುವವನು ಖಜಾನೆ ಕಾಯುವವನಲ್ಲವೆ? ಅವನ ಕೆಲಸ ಬೈಗುಳ ಆದದ್ದು ಹೇಗೆ? ಉತ್ತರ ಅದೇ ಬೇರಿನ ಇನ್ನೊಂದು ಪದದಲ್ಲಿದೆ: ಧಣಿ. ಧನ ಉಳ್ಳವನು ಧಣಿ. ದನ ಅವನದು, ಹಾಲು ಅವನದು, ತಿಪ್ಪೆಯ ಗೊಬ್ಬರವೂ ಅವನದೇ. ಬಿಸಿಲಲ್ಲಿ ಕಾಯುವ ಹುಡುಗನಿಗೆ ಹೊತ್ತಿಗೊಂದು ಮುದ್ದೆ. ಅಪ್ಪನ ಸಾಲಕ್ಕೆ ಅವನ ಮೈಯೇ ಬಡ್ಡಿ. ಈ ಪದದ ಮನೆತನದಲ್ಲಿ ಆಸ್ತಿಗೆ ಹೆಸರಿದೆ, ಒಡೆಯನಿಗೆ ಹೆಸರಿದೆ, ದುಡಿದವನಿಗೆ ಪಾಲಿಲ್ಲ. 1976ರ ಕಾಯಿದೆ ಜೀತವನ್ನು ರದ್ದು ಮಾಡಿತು. ಬೈಗುಳ ಹಾಗೇ ಉಳಿಯಿತು.

ಇನ್ನೊಂದು ಚಮತ್ಕಾರ ನೋಡಿ. ಪೂಜೆ ಹೊತ್ತಿಗೆ ಅದು ಗೋಮಾತೆ. ಹಾಲು ಕರೆಯುವಾಗ ಹಸು. ಉಸಿರು ನಿಂತ ಮರುಗಳಿಗೆ 'ಸತ್ತ ದನ'! ಆಗ ಕೇರಿಗೆ ಹೇಳಿಕಳಿಸುತ್ತಿದ್ದರು. ತಾಯಿ ಸತ್ತರೆ ಹೊರಬೇಕಾದವರು ಮಕ್ಕಳಲ್ಲವೆ? ಹೊತ್ತವರು ನಮ್ಮವರು. ಸತ್ತ ದನದ ಮಾಂಸ ಬಿಡಿ ಅಂತ ಬಾಬಾಸಾಹೇಬರು 1927ರ ಮಾರ್ಚಿನಲ್ಲಿ ಮಹಾಡಿನಲ್ಲಿ ಕರೆ ಕೊಟ್ಟರು. ಅದೇ ಊರಿನ ಚವದಾರ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ನಮ್ಮ ಜನ ಮುಟ್ಟುವಂತಿರಲಿಲ್ಲ. ಮಾರ್ಚ್ 20ರಂದು ಸಾವಿರಾರು ಜನರ ಜೊತೆ ಹೋಗಿ ಅವರು ಆ ನೀರು ಕುಡಿದರು.

ದನ ಕಾಯೋದು ದಡ್ಡರ ಕೆಲಸ ಅನ್ನುವವರು ಒಂದು ದಿನ ನಲವತ್ತು ದನ ಹೊಡೆದುಕೊಂಡು ಹೋಗಲಿ. ಯಾರ ಹೊಲಕ್ಕೂ ಬಾಯಿ ಹಾಕದಂತೆ ನೋಡಿಕೊಂಡು, ಸಂಜೆ ಲೆಕ್ಕ ತಪ್ಪದೆ ತಂದು ಕಟ್ಟಲಿ.

ಗೆಳೆಯರೆ, ರಜೆಗೆ ಊರಿಗೆ ಹೋದಾಗ ಅಪ್ಪ ಅವ್ವನ್ನ ಕೂರಿಸಿಕೊಂಡು ಕೇಳಿ. ದನದ ಬಣ್ಣಕ್ಕೆ, ಕೊಂಬಿಗೆ, ಕಾಯಿಲೆಗೆ, ಮೇವಿನ ಹುಲ್ಲಿಗೆ ಅವರು ಏನೇನು ಹೆಸರು ಹೇಳುತ್ತಾರೋ ಎಲ್ಲ ಬರೆದುಕೊಳ್ಳಿ. ಊರಿನ ಹೆಸರು ಹಾಕಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.