ಕೊಟ್ಟಿಗೆಯಲ್ಲಿರುವ ಯೆಜ್ಡಿಯನ್ನು ತಕ್ಕಡಿಗೆ ಹಾಕಬೇಡಿ

ನಿಮ್ಮೂರಿನ ಹಳೆ ಮನೆಗಳ ಕೊಟ್ಟಿಗೆ, ಹಿತ್ತಲು ಒಮ್ಮೆ ಇಣುಕಿ ನೋಡಿ. ಗೊಬ್ಬರದ ಚೀಲ, ಮುರಿದ ನೇಗಿಲು, ತೆಂಗಿನ ಗರಿಗಳ ಹಿಂದೆ ಒಂದು ಜಾವಾ ಇಲ್ಲವೇ ಯೆಜ್ಡಿ ನಿಂತಿರಬಹುದು. ಟೈರಿನಲ್ಲಿ ಗಾಳಿಯಿಲ್ಲ, ಸೀಟನ್ನು ಇಲಿ ಕಡಿದಿದೆ, ಟ್ಯಾಂಕಿನ ಮೇಲೆ ಕೋಳಿ ಕೂರುತ್ತದೆ. ಆಗಾಗ ಗುಜರಿಯವನು ಬಂದು ಹೇಳುತ್ತಾನೆ: "ಹದಿನೈದು ವರ್ಷ ಆಗೋಯ್ತು ಯಜಮಾನ್ರೇ, ಇನ್ನು ಈ ಗಾಡಿ ರೋಡಿಗೆ ಬರಂಗಿಲ್ಲ. ಸರ್ಕಾರ ಬ್ಯಾನ್ ಮಾಡೈತೆ. ಕೊಟ್ಬಿಡಿ, ತೂಕಕ್ಕೆ ಹಾಕ್ಕೊಂಡು ಹೋಗ್ತೀನಿ."

ಕೊಡಬೇಡಿ. ಅವನು ಹೇಳುತ್ತಿರುವುದು ಸುಳ್ಳು.

ನಾವು ಹೇಳಬೇಕೆಂದಿರುವುದು ಇಷ್ಟೇ. ಹಳೆ ಗಾಡಿಯನ್ನು ಕೆಜಿ ಲೆಕ್ಕದಲ್ಲಿ ಮಾರುವುದು ತಪ್ಪು. ಸ್ಟೈಲ್ ಮಾಡುತ್ತೇವೆಂದು ಅದಕ್ಕೆ ಕಟರ್ ಹಾಕುವುದೂ ತಪ್ಪು. ಅದನ್ನು ಊರಲ್ಲೇ, ಮನೆಯಲ್ಲೇ ಬಿಚ್ಚಿ, ಕಟ್ಟಿ, ಓಡಿಸಬೇಕು. ಅದಕ್ಕೆ ಅಡ್ಡ ಬರುವ ನಿಯಮಗಳನ್ನು ಬದಲಿಸಿ ಎಂದು ಕೇಳಬೇಕು.

ಮೊದಲು ಆ ಸುಳ್ಳನ್ನು ಬಿಚ್ಚೋಣ

ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೊಸ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಗಿಯುವುದು ನೋಂದಣಿ, ಗಾಡಿಯ ಆಯಸ್ಸಲ್ಲ. ಆರ್‌ಟಿಒ ಕಚೇರಿಗೆ ಗಾಡಿ ಒಯ್ದು, ತಪಾಸಣೆ ಮಾಡಿಸಿ, ಫಾರಂ 25ರಲ್ಲಿ ಅರ್ಜಿ ಕೊಟ್ಟರೆ ಮತ್ತೆ 5 ವರ್ಷಕ್ಕೆ ನವೀಕರಣ ಆಗುತ್ತದೆ. ಆಮೇಲೆ ಮತ್ತೆ 5 ವರ್ಷ. ಗಾಡಿ ಸರಿಯಿರುವವರೆಗೆ ಇದು ನಡೆಯುತ್ತದೆ.

ಹಾಗಾದರೆ ಟಿವಿಯಲ್ಲಿ ಬಂದ ಬ್ಯಾನ್ ಯಾವುದು? ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಎಂಬ ನಿರ್ಬಂಧದ ಗಲಾಟೆ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಗಾಡಿಗಳ ನೋಂದಣಿ ರದ್ದು ಎಂದು ಬಂದ ಸುದ್ದಿ ಸರ್ಕಾರಿ ವಾಹನಗಳದ್ದು. ನಿಮ್ಮ ತಂದೆಯ ಯೆಜ್ಡಿ ದೆಹಲಿಯಲ್ಲೂ ಇಲ್ಲ, ಸರ್ಕಾರದ್ದೂ ಅಲ್ಲ. ಎರಡು ಬೇರೆ ಸುದ್ದಿಗಳನ್ನು ಕಲಸಿ ಹೆದರಿಸಿ ಹಳ್ಳಿಯ ಗಾಡಿಗಳನ್ನು ಎತ್ತುತ್ತಿದ್ದಾರೆ.

ಎತ್ತಿದ ಗಾಡಿಗಳೆಲ್ಲ ಕುಲುಮೆಗೆ ಹೋಗುತ್ತವೆ ಅಂದುಕೊಂಡಿದ್ದೀರಾ? ಎಂಜಿನ್ ನಂಬರ್, ಚಾಸಿ ನಂಬರ್, ಆರ್‌ಸಿ ಸರಿಯಿರುವ ಜಾವಾ ಗುಜರಿ ಅಂಗಡಿಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ನಗರದಲ್ಲಿ ಅದಕ್ಕೆ ಬಣ್ಣ, ಕ್ರೋಮ್ ಬಿದ್ದ ಮೇಲೆ ಲಕ್ಷ ದಾಟಿದ ಬೆಲೆ ಹೇಳುತ್ತಾರೆ. ಕೊಂಡವರ ಮೇಲೆ ನಮಗೆ ಸಿಟ್ಟಿಲ್ಲ, ಅವರು ಗಾಡಿ ಉಳಿಸಿದ್ದಾರೆ. ನಮ್ಮ ತಕರಾರು ಇರುವುದು ಇಲ್ಲಿ: ಮೂವತ್ತು ವರ್ಷ ಗಾಡಿ ಕಾಪಾಡಿದ ಮನೆಗೆ ಕಬ್ಬಿಣದ ಬೆಲೆ, ಬಣ್ಣ ಹೊಡೆಸಿದವರಿಗೆ ಬೈಕಿನ ಬೆಲೆ. ಹಾಲು ನಮ್ಮದು, ಬೆಣ್ಣೆ ಬೇರೆಯವರದು. ಅಡಿಕೆ, ತೊಗರಿ, ಟೊಮೆಟೊದಲ್ಲಿ ಕಂಡದ್ದನ್ನೇ ಇಲ್ಲೂ ಕಾಣುತ್ತಿದ್ದೇವೆ.

ಇದು ನಮ್ಮ ರಾಜ್ಯದ ಗಾಡಿ

ಜಾವಾ ಹುಟ್ಟಿದ್ದು ಅಂದಿನ ಚೆಕೊಸ್ಲೊವಾಕಿಯಾದಲ್ಲಿ. ನಮ್ಮಲ್ಲಿ ಓಡಿದ ಜಾವಾಗಳನ್ನು ಕಟ್ಟಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಕೆಲಸಗಾರರು. 1961ರಲ್ಲಿ ಉತ್ಪಾದನೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, ಆಮೇಲೆ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಮೈಸೂರು, ಬೆಂಗಳೂರಿನಲ್ಲಿ ಈ ಗಾಡಿಗಳು ಸಾಲುಗಟ್ಟುತ್ತವೆ. ಯಾವ ಕಂಪನಿಯ ಸರ್ವೀಸ್ ಸೆಂಟರ್ ಇವನ್ನು ಉಳಿಸಿತು? ಯಾವುದೂ ಅಲ್ಲ. ಉಳಿಸಿದ್ದು ಮೇಸ್ತ್ರಿಗಳು, ಲೇತ್ ಅಂಗಡಿಯ ಟರ್ನರ್‌ಗಳು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗ ಹುಡುಕಿ ತಂದುಕೊಟ್ಟ ಅಂಗಡಿಯವರು.

ಈ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಕ್ರ್ಯಾಂಕ್ ಕೈಯಲ್ಲಿ ಹಿಡಿದು ಅಲ್ಲಾಡಿಸಿ "ರಾಡ್ ಹೋಗಿದೆ ಕಣಪ್ಪ" ಎಂದು ಹೇಳುವ ವಿದ್ಯೆಗೆ ಪುಸ್ತಕವಿಲ್ಲ. ಗಾಡಿ ಗುಜರಿಗೆ ಹೋದರೆ ಆ ವಿದ್ಯೆಯೂ ಅದರ ಹಿಂದೆಯೇ ಹೋಗುತ್ತದೆ.

ಕಷ್ಟ ಇದೆ, ಆದರೆ ಮಂತ್ರವಿದ್ಯೆ ಅಲ್ಲ

"ಅದೆಲ್ಲ ನಮ್ ಕೈಲಿ ಆಗಲ್ಲ" ಅನ್ನುವವರಿಗೆ ಒಂದು ಮಾತು. ಜಾವಾ-ಯೆಜ್ಡಿ 250ರದ್ದು ಎರಡು ಸ್ಟ್ರೋಕ್ ಎಂಜಿನ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಶಕ್ತಿ ಹುಟ್ಟಿಸುವ ಮುಖ್ಯ ಭಾಗ ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಪಂಪ್‌ಸೆಟ್ ಬಿಚ್ಚಿ ಜೋಡಿಸುವ ರೈತನಿಗೆ ಇದು ಅರ್ಥವಾಗದ ಯಂತ್ರವಲ್ಲ.

ವರ್ಷಗಟ್ಟಲೆ ನಿಂತ ಗಾಡಿಯನ್ನು ಹೊರಗೆಳೆದ ದಿನವೇ ಕಿಕ್ಕರ್ ಒದೆಯಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು ಎಂಜಿನ್ ನಿಧಾನವಾಗಿ ತಿರುಗಿಸಿ. ಟ್ಯಾಂಕಿನಲ್ಲಿರುವ ಹಳೆ ಪೆಟ್ರೋಲ್ ಪೂರ್ತಿ ತೆಗೆಯಿರಿ. ಕಾರ್ಬುರೇಟರ್ ಬಿಚ್ಚಿ ತೊಳೆಯಿರಿ. ಪೆಟ್ರೋಲ್ ಪೈಪು ಹೊಸದು ಹಾಕಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ಹಳೆ ರಬ್ಬರನ್ನು ಕೆಡಿಸುತ್ತದೆ, ನೀರು ಹೀರುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ಗಾಡಿ ಓಡಿಸದೆ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡುವುದು ಒಳ್ಳೆಯದು.

ಎಂಜಿನ್ ಬಿಚ್ಚಿದರೆ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಬದಲಿಸದೆ ಮುಚ್ಚಬೇಡಿ. ಎರಡು ಸ್ಟ್ರೋಕ್ ಎಂಜಿನ್ ಉಸಿರಾಡುವುದು ಕ್ರ್ಯಾಂಕ್‌ಕೇಸಿನ ಮೂಲಕ. ಸೀಲ್ ಗಟ್ಟಿಯಾಗಿ ಹೊರಗಿನ ಗಾಳಿ ಒಳಗೆ ಬಂದರೆ ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಅಲ್ಲಿನ ಎಣ್ಣೆಯನ್ನೂ ಎಂಜಿನ್ ಕುಡಿದು ಹೊಗೆ ಉಗುಳುತ್ತದೆ. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು. ಕ್ರ್ಯಾಂಕ್ ಒತ್ತಿ ಜೋಡಿಸುವುದು, ಬೋರ್ ಮಾಡುವುದು ಮನೆಯಲ್ಲಿ ಆಗುವ ಕೆಲಸವಲ್ಲ, ಅನುಭವಿ ಮೇಸ್ತ್ರಿಗೇ ಕೊಡಿ. ಉಳಿದದ್ದನ್ನು ಅವರ ಪಕ್ಕ ಕೂತು ನೀವೇ ಮಾಡಿ. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆಯಿರಿ. ಬಿಚ್ಚಿದ ನಟ್ಟು, ಬೋಲ್ಟ್, ವಾಷರ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಹೆಸರು ಬರೆಯಿರಿ.

ಒಂದೇ ತಿಂಗಳಲ್ಲಿ ಮುಗಿಸಬೇಕೆಂಬ ಹಟ ಬೇಡ. ಈ ಸುಗ್ಗಿಗೆ ಎಂಜಿನ್, ಮುಂದಿನ ಸುಗ್ಗಿಗೆ ಚಕ್ರ ಮತ್ತು ಬ್ರೇಕ್, ಬಣ್ಣ ಕೊನೆಗೆ. ಮೊದಲು ಬಣ್ಣ ಹೊಡೆಸಿ ಆಮೇಲೆ ದುಡ್ಡಿಲ್ಲದೆ ಎಂಜಿನ್ ಮೂಟೆ ಕಟ್ಟಿ ಇಟ್ಟ ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇವೆ.

ಕಟರ್ ಹಿಡಿದ ತಮ್ಮಂದಿರಿಗೆ

ಈಗ ನಮ್ಮ ವಯಸ್ಸಿನವರ ಹತ್ತಿರ ಜಗಳ. ರೀಲ್ಸ್ ನೋಡಿ ಹಳೆ ಯೆಜ್ಡಿಯ ಹಿಂಭಾಗದ ಫ್ರೇಮ್ ಕತ್ತರಿಸಿ, ಮಡ್‌ಗಾರ್ಡ್ ಕಿತ್ತು, ಸೈಲೆನ್ಸರ್ ಬದಲು ಬರೀ ಪೈಪ್ ಹಾಕಿ "ಬಾಬರ್" ಮಾಡಿದೆವು ಎಂದು ಮೆರೆಯುವವರು ಕೇಳಿ. ಕಾರ್ಖಾನೆ ಮುಚ್ಚಿದೆ. ನೀವು ಕತ್ತರಿಸಿದ ಫ್ರೇಮನ್ನು ಮತ್ತೆ ಯಾರೂ ತಯಾರಿಸುವುದಿಲ್ಲ.

ಕಾನೂನೂ ನಿಮ್ಮ ಕಡೆಗಿಲ್ಲ. ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇನ್ನು ಬರೀ ಪೈಪಿನ ಎರಡು ಸ್ಟ್ರೋಕ್ ಗಾಡಿ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಈ ಎಂಜಿನ್‌ಗೆ ಸೈಲೆನ್ಸರ್ ಬರೀ ಸದ್ದು ಅಡಗಿಸುವ ಡಬ್ಬವಲ್ಲ, ಅದರ ಅಳತೆಯ ಮೇಲೆ ಎಳೆತ ನಿಂತಿದೆ. ಸದ್ದು ಹೆಚ್ಚಾಯಿತು, ಎಳೆತ ಕಡಿಮೆಯಾಯಿತು, ಊರಿನವರ ಬೈಗುಳ ಉಚಿತ.

ಹಾಗೆಂದು ಏನೂ ಬದಲಿಸಬಾರದು ಅನ್ನುವವರ ಪಕ್ಷವೂ ನಮ್ಮದಲ್ಲ. 6 ವೋಲ್ಟಿನ ಮಂಕು ಹೆಡ್‌ಲೈಟ್ ಹಿಡಿದು ರಾತ್ರಿ ಕಬ್ಬಿನ ಲಾರಿಗಳ ನಡುವೆ ಹೋಗಿ ಎಂದು ಯಾರಿಗೂ ಹೇಳಲಾರೆವು. 12 ವೋಲ್ಟಿಗೆ ಬದಲಿಸಿ. ಪಾಯಿಂಟ್ ಉಜ್ಜಿ ಉಜ್ಜಿ ಸಾಕಾಗಿದ್ದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ. ಇಂಡಿಕೇಟರ್, ಒಳ್ಳೆಯ ಕನ್ನಡಿ, ಹೊಸ ಬ್ರೇಕ್ ಶೂ ಹಾಕಿ. ಕಾಯ್ದೆ ಮಾರ್ಪಾಡು ಎಂದು ಕರೆಯುವುದು ಗಾಡಿಯ ಮೂಲ ಲಕ್ಷಣ ಬದಲಾಗುವಂತೆ ಅದರ ರಚನೆಯನ್ನು ಬದಲಿಸುವುದನ್ನು. ಬಣ್ಣ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿ.

ನಮ್ಮ ಅಳತೆಗೋಲು ಸುಲಭ: ನಟ್ಟು ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು. ಬಿಚ್ಚಿದ ಹಳೆ ಭಾಗ ಡಬ್ಬಿಯಲ್ಲಿ ಮನೆಯಲ್ಲೇ ಇರಬೇಕು. ಈ ಎರಡು ಮಾತಿಗೆ ಒಗ್ಗುವ ಬದಲಾವಣೆ ಸುಧಾರಣೆ. ಒಗ್ಗದ್ದು ಹಾಳು ಮಾಡುವ ಕೆಲಸ.

ಹೊಗೆಯ ಮಾತು

"ಎರಡು ಸ್ಟ್ರೋಕ್ ಗಾಡಿ ಹೊಗೆ ಕಾರುತ್ತೆ, ಅದನ್ನೇಕೆ ಉಳಿಸಬೇಕು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಪೆಟ್ರೋಲ್ ಜೊತೆ ಎಣ್ಣೆಯನ್ನೂ ಸುಡುವ ಎಂಜಿನ್ ಇಂದಿನ ಹೊಸ ಬೈಕಿಗಿಂತ ಹೆಚ್ಚು ಹೊಗೆ ಬಿಡುತ್ತದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದಿಲ್ಲ. ಆದರೆ ರಸ್ತೆ ತುಂಬುವ ಹೊಗೆಗೆ ಅರ್ಧ ಕಾರಣ ಸೋರುವ ಸೀಲ್ ಮತ್ತು ಹೆದರಿಕೆಯಿಂದ ಸುರಿಯುವ ಎಣ್ಣೆ. ಲೀಟರಿಗೆ 40 ಮಿ.ಲೀ. ಆಸುಪಾಸು ಸಾಕಾಗುವ ಕಡೆ ಕೈಯಳತೆಯಲ್ಲಿ ಅದರ ಎರಡರಷ್ಟು ಹಾಕುತ್ತಾರೆ. ಸರಿಯಾಗಿ ಕಟ್ಟಿದ, ಅಳೆದು ಎಣ್ಣೆ ಹಾಕಿದ, ಹೊಗೆ ತಪಾಸಣೆ ಮಾಡಿಸಿದ, ವಾರಕ್ಕೊಮ್ಮೆ ಸಂತೆಗೋ ತೋಟಕ್ಕೋ ಹೋಗಿ ಬರುವ ಗಾಡಿಯನ್ನು ಅಪರಾಧಿ ಮಾಡಬೇಡಿ. ದಿನಕ್ಕೆ ನೂರು ಕಿಲೋಮೀಟರ್ ಓಡಿಸಲು ಇದನ್ನು ಬಳಸಿ ಎಂದು ನಾವೂ ಹೇಳುತ್ತಿಲ್ಲ.

ನಿಯಮ ಯಾರ ಪರ?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಮತ್ತೆ ನೋಂದಾಯಿಸಲು 5,000 ರೂಪಾಯಿ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬೇಕು. ಸಂಗ್ರಹಕಾರರಿಗೆ ಇದು ಸರಿಯಾದ ನಿಯಮ. ಆದರೆ 1990ರ ರೋಡ್‌ಕಿಂಗ್‌ನಲ್ಲಿ ಹಾಲಿನ ಡೈರಿಗೆ ಹೋಗುವವನಿಗೆ ಇದರಲ್ಲಿ ಜಾಗವಿಲ್ಲ.

ಅವನಿಗಿರುವುದು ಸಾಮಾನ್ಯ ನವೀಕರಣದ ದಾರಿ. ಅಲ್ಲಿ ಬೈಕಿನ ಶುಲ್ಕ 300 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 1,000 ಆಯಿತು. 20 ವರ್ಷ ದಾಟಿದ ಬೈಕಿಗೆ 2025ರಲ್ಲಿ 2,000 ಮಾಡಿದರು. ಅದನ್ನಾದರೂ ಕಟ್ಟಬಹುದು. ತಡವಾದರೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಎಂಬ ನಿಯಮವೇ ಕುತ್ತಿಗೆಗೆ ಬರುವುದು. ಒಂದು ವರ್ಷ ತಡವಾದರೆ 3,600. ಕೊಟ್ಟಿಗೆಯಲ್ಲಿ ನಿಂತ ಗಾಡಿ ರಸ್ತೆ ಸವೆಸಿಲ್ಲ, ಹೊಗೆ ಬಿಟ್ಟಿಲ್ಲ. ನಿಂತದ್ದಕ್ಕೆ ದಂಡವೇಕೆ? ಈ ಲೆಕ್ಕ ನೋಡಿದ ಮನೆಯವರು ಗುಜರಿಯವನನ್ನು ಕರೆಯದೆ ಇನ್ನೇನು ಮಾಡುತ್ತಾರೆ?

ಆದ್ದರಿಂದ ನಾವು ಕೇಳುವುದು ಮೂರು. ನಿಂತಿದ್ದ ಹಳೆ ಬೈಕು ತಪಾಸಣೆಯಲ್ಲಿ ಪಾಸಾದರೆ ತಡದ ಶುಲ್ಕ ಮನ್ನಾ ಆಗಲಿ. ಹಳೆ ಮೂರಕ್ಷರದ ನಂಬರಿನ ಗಾಡಿಗಳ ದಾಖಲೆ ಹುಡುಕಿ ಕಂಪ್ಯೂಟರಿಗೆ ಏರಿಸಲು ವರ್ಷಕ್ಕೊಮ್ಮೆಯಾದರೂ ತಾಲ್ಲೂಕು ಕೇಂದ್ರದಲ್ಲಿ ಆರ್‌ಟಿಒ ಶಿಬಿರ ನಡೆಯಲಿ. ಐಟಿಐಗಳಲ್ಲಿ ಹಳೆ ಎಂಜಿನ್ ಪುನಃ ಕಟ್ಟುವುದನ್ನು ಕಲಿಸಲು ಊರಿನ ಹಿರಿಯ ಮೇಸ್ತ್ರಿಗಳನ್ನು ಸಂಬಳ ಕೊಟ್ಟು ಕರೆಯಲಿ. ನಿಮ್ಮ ಶಾಸಕರು ಮತ ಕೇಳಲು ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ ಕೆಲಸ ಇದೆ. ಟ್ರಂಕಿನಲ್ಲಿ ಆರ್‌ಸಿ ಹುಡುಕಿ. ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಿ. ಗಾಡಿ ತೀರಿಕೊಂಡ ತಂದೆಯ ಅಥವಾ ತಾತನ ಹೆಸರಿನಲ್ಲಿದ್ದರೆ ಫಾರಂ 31ರಲ್ಲಿ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಒರೆಸಿ, ಆರ್‌ಸಿ ಜೊತೆ ತಾಳೆ ನೋಡಿ. ಕಾಗದ ಸರಿಯಿದ್ದರೆ ಭಾನುವಾರ ಮೇಸ್ತ್ರಿಯ ಮನೆಗೆ ಹೋಗಿ, "ಅಣ್ಣ, ನೀವು ಹೇಳಿಕೊಡಿ, ನಾನು ಬಿಚ್ಚುತ್ತೇನೆ" ಅನ್ನಿ. ಅವರು ಇಲ್ಲ ಅನ್ನುವುದಿಲ್ಲ.