ಫಲಕದಲ್ಲಿ ದಂಡ ಇದೆ, ಕಥೆ ಎಲ್ಲಿದೆ?



ಹಿಂದೊಮ್ಮೆ ನಮ್ಮ ಒಂಬತ್ತನೇ ತರಗತಿ ಮಕ್ಕಳನ್ನು ಕರೆದುಕೊಂಡು ಸೇಲಂ ಕಡೆಯ ಒಂದು ಕೋಟೆ ನೋಡಲು ಹೋಗಿದ್ದೆ. ಯಾವ ಕೋಟೆ ಎಂಬುದು ಇಲ್ಲಿ ಬೇಡ, ಈ ಮಾತು ಒಂದೇ ಕೋಟೆಯದ್ದಲ್ಲ. ಬಾಗಿಲ ಪಕ್ಕ ಒಂದು ನೀಲಿ ಫಲಕ. ತಮಿಳು, ಇಂಗ್ಲಿಷ್ ಎರಡರಲ್ಲೂ ಬರೆದಿತ್ತು. ನಮ್ಮ ಮಕ್ಕಳಿಗೆ ತಮಿಳು ಓದಲು ಚೆನ್ನಾಗಿಯೇ ಬರುತ್ತದೆ. 2006ರ ಕಾಯ್ದೆ ಬಂದ ಮೇಲೆ ಕಲಿಯದೆ ಬೇರೆ ದಾರಿಯೂ ಇಲ್ಲ. ಒಬ್ಬ ಹುಡುಗಿ ಗಟ್ಟಿಯಾಗಿ ಓದಿದಳು. ಇದು ರಕ್ಷಿತ ಸ್ಮಾರಕ, ಹಾಳು ಮಾಡಿದರೆ ಜೈಲು, ದಂಡ. ಓದಿ ಮುಗಿಸಿ ನನ್ನ ಕಡೆ ತಿರುಗಿ ಕೇಳಿದಳು: "ಸಾರ್, ಮುಟ್ಟಬಾರದು ಅಂತ ಬರ್ದಿದಾರೆ. ಯಾಕೆ ಮುಟ್ಟಬಾರದು ಅಂತ ಬರ್ದೇ ಇಲ್ವಲ್ಲ?"

ಸತ್ಯ ಹೇಳ್ತೀನಿ, ಆ ಕ್ಷಣಕ್ಕೆ ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಈಗ ಬರೆಯುತ್ತಿದ್ದೇನೆ.

ಮೊದಲು ಕಾನೂನು ನೋಡೋಣ. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆ ಬಂದದ್ದು 1958ರಲ್ಲಿ. ಆಗ ಸ್ಮಾರಕ ಕೆಡಿಸಿದವನಿಗೆ ಮೂರು ತಿಂಗಳ ಜೈಲು ಅಥವಾ 5000 ರೂಪಾಯಿ ದಂಡದವರೆಗೆ ಶಿಕ್ಷೆ. 2010ರ ತಿದ್ದುಪಡಿಯಲ್ಲಿ ಅದು ಎರಡು ವರ್ಷ, ಒಂದು ಲಕ್ಷ ರೂಪಾಯಿಗೆ ಏರಿತು. ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ದಂಡ ಇಪ್ಪತ್ತು ಪಟ್ಟು ಏರಿತಲ್ಲ, ಫಲಕದ ಮೇಲಿನ ಕಥೆ ಎಷ್ಟು ಸಾಲು ಏರಿತು?

ಈಗ ಧರ್ಮಪುರಿಗೆ ಬನ್ನಿ. ಅದರ ಹಳೆಯ ಹೆಸರು ತಗಡೂರು. ನೊಳಂಬರು ಆಳಿದ ಊರು. ಅಲ್ಲಿ ನೊಳಂಬ ಮಹೇಂದ್ರನ ಕಾಲದ ಒಂದು ಕನ್ನಡ ಶಾಸನ ಇದೆ, ಶಕವರ್ಷ 815, ಅಂದರೆ ಕ್ರಿ.ಶ. 893. ನಿಧಿಯಣ್ಣ, ಚಂದಿಯಣ್ಣ ಎಂಬ ಇಬ್ಬರು ಅಲ್ಲೊಂದು ಬಸದಿ ಕಟ್ಟಿಸಿದರು. ನಿಧಿಯಣ್ಣ ರಾಜನಿಂದ ಮೂಲಪಳ್ಳಿ ಎಂಬ ಹಳ್ಳಿಯನ್ನು ಪಡೆದು, ಅದನ್ನು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದ. ಯಾತಕ್ಕೆ? ಬಸದಿಯ ದುರಸ್ತಿಗೆ, ಪೂಜೆಗೆ!

ಸ್ವಲ್ಪ ನಿಂತು ಯೋಚಿಸಿ. 1100 ವರ್ಷಕ್ಕೂ ಹಿಂದೆ, ಇದೇ ಧರ್ಮಪುರಿಯಲ್ಲಿ, ಒಂದು ಕಟ್ಟಡ ಬೀಳದಂತೆ ನೋಡಿಕೊಳ್ಳಲು ಒಂದು ಹಳ್ಳಿಯ ಆದಾಯವನ್ನೇ ಎತ್ತಿಟ್ಟರು. ಅದನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಬರೆಸಿದರು. ಇದಕ್ಕಿಂತ ದೊಡ್ಡ ಸ್ಮಾರಕ ಸಂರಕ್ಷಣೆಯ ಪಾಠ ಯಾವ ಪಠ್ಯಪುಸ್ತಕದಲ್ಲಿದೆ?

ಆ ಕಾಲದ ದಾನಶಾಸನಗಳ ಕ್ರಮ ನಿಮಗೆ ಗೊತ್ತಿರಬಹುದು. ಯಾರು ಆಳುತ್ತಿದ್ದರು, ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಮೊದಲು ವಿವರವಾಗಿ ಹೇಳುತ್ತಾರೆ. ಎಲ್ಲ ಹೇಳಿ ಆದ ಮೇಲೆ ಕೊನೆಗೆ ಶಾಪ: ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂಬಂಥದ್ದು. ಕಥೆ ಮೊದಲು, ಶಾಪ ಆಮೇಲೆ. ನಮ್ಮ ಇಂದಿನ ಫಲಕಗಳಲ್ಲಿ ಆಗಿರುವುದೇನು? ಕಥೆ ಹೋಯಿತು, ಶಾಪ ಮಾತ್ರ ಉಳಿಯಿತು!

ಇನ್ನು ನಮ್ಮವರ ಸರದಿ. ಬೇಗೂರಿನ ಶಾಸನ ಎಲ್ಲರಿಗೂ ಗೊತ್ತು. ಸುಮಾರು 890ರದ್ದು, ಅದರಲ್ಲಿ 'ಬೆಂಗಳೂರು' ಎಂಬ ಹೆಸರಿದೆ ಎಂದು ಎಷ್ಟು ಸಲ ಪತ್ರಿಕೆಯಲ್ಲಿ ಓದಿಲ್ಲ! ಹೆಚ್ಚು ಕಡಿಮೆ ಅದೇ ಕಾಲದ ಧರ್ಮಪುರಿ ಶಾಸನ ಎಷ್ಟು ಜನಕ್ಕೆ ಗೊತ್ತು? ವಿದ್ವಾಂಸರು ಅಚ್ಚು ಹಾಕಿಸಿ ಶತಮಾನವೇ ಕಳೆದಿದೆ. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾ ಮೈಸೂರು ಸಂಸ್ಥಾನಕ್ಕೂ ಕೊಡಗಿಗೂ ಸೇರಿದ್ದು. ನಾವು ಮದರಾಸು ಪ್ರಾಂತ್ಯ, ಹಾಗಾಗಿ ಅದರೊಳಗೆ ಬರಲಿಲ್ಲ. ಗಡಿ ಎಳೆದವರು ಮನುಷ್ಯರನ್ನು ಮಾತ್ರ ಅಲ್ಲ, ಕಲ್ಲುಗಳನ್ನೂ ಆಚೆ ಈಚೆ ಮಾಡಿದರು. ಇವತ್ತಿಗೂ ನವೆಂಬರಿನಲ್ಲಿ ಬಾವುಟ ಹಿಡಿದು ನಮ್ಮ ಶಾಲೆಗಳಿಗೆ ಬರುವವರಿದ್ದಾರೆ. ಭಾಷಣ ಮಾಡುತ್ತಾರೆ, ಶಾಲು ಹೊದಿಸುತ್ತಾರೆ, ಸಂಜೆ ಬಸ್ಸು ಹತ್ತುತ್ತಾರೆ. ಒಂದು ಕಲ್ಲಿನ ಮುಂದೆ ನಿಂತವರನ್ನು ನಾನು ಕಂಡಿಲ್ಲ.

ಪಟ್ಟಿಯಲ್ಲಿರುವವು ಹೆಚ್ಚಾಗಿ ದೊಡ್ಡ ಕಟ್ಟಡಗಳು. ಶಂಕಗಿರಿ ದುರ್ಗವನ್ನು ತೆಗೆದುಕೊಳ್ಳಿ. ಮೈಸೂರಿನವರ ಕೈಯಲ್ಲಿದ್ದ ಕೋಟೆ ಅದು, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸೇಲಂ, ಬಾರಾಮಹಲ್ ಸೀಮೆಯೆಲ್ಲ ಕಂಪನಿಗೆ ಹೋಯಿತು. 1805ರಲ್ಲಿ ಧೀರನ್ ಚಿನ್ನಮಲೈಯನ್ನು ಗಲ್ಲಿಗೇರಿಸಿದ್ದು ಅಲ್ಲೇ. ಅದಕ್ಕೆ ಕಾವಲು ಬೇಕು, ಸರಿ. ಆದರೆ ಹೊಲದ ಬದುವಿನಲ್ಲಿ ನಿಂತ ವೀರಗಲ್ಲು? ಧರ್ಮಪುರಿ ಸೀಮೆಯಲ್ಲಿ ಇವು ಎಷ್ಟೋ ಇವೆ. ಕೆಲವು ವಟ್ಟೆಳುತ್ತಿನಲ್ಲಿ ಬರೆದ ತಮಿಳು, ಕೆಲವು ಕನ್ನಡ. ಕೆಲವು ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿ ಬಚಾವಾದವು. ಕೆಲವನ್ನು ಹಳ್ಳಿಯವರು ವೇಡಿಯಪ್ಪನ್ ಎಂದು ಅರಿಶಿನ ಕುಂಕುಮ ಹಚ್ಚಿ ಪೂಜಿಸುತ್ತಾರೆ, ಅವೂ ಬಚಾವು. ಯಾವ ಕಾಯ್ದೆಯೂ ಮಾಡದ ಕೆಲಸವನ್ನು ಆ ವೇಡಿಯಪ್ಪನ ಭಕ್ತರು ಮಾಡಿದ್ದಾರೆ. ಮಿಕ್ಕವು? ಬಟ್ಟೆ ಒಗೆಯುವ ಕಲ್ಲು, ದನ ಕಟ್ಟುವ ಕಲ್ಲು, ಮೋರಿಯ ಮೇಲಿನ ಚಪ್ಪಡಿ. 1934ರಲ್ಲಿ ಮೆಟ್ಟೂರು ಅಣೆಕಟ್ಟೆ ತುಂಬಿ ಹಳೆಯ ಊರುಗಳು ಮುಳುಗಿದವು. ನೀರು ಇಳಿದ ವರ್ಷ ಪಣ್ಣವಾಡಿಯ ನಂದಿಯಾದರೂ ಮೇಲೆ ಬಂದು ಮುಖ ತೋರಿಸುತ್ತದೆ. ಮೋರಿಗೆ ಹಾಸಿದ ಶಾಸನ ಯಾವ ಬೇಸಿಗೆಯಲ್ಲೂ ಮೇಲೆ ಬರುವುದಿಲ್ಲ.

ಜೀರ್ಣೋದ್ಧಾರ ಎಂಬ ಇನ್ನೊಂದು ಕಂಟಕವಿದೆ. ಇದಕ್ಕೆ ಸರ್ಕಾರವನ್ನು ಬೈಯಬೇಡಿ. ಹಣ ಕೊಡುವವರು ನಾವೇ. ಹಳೆಯ ಗುಡಿಯ ಕಂಬಕ್ಕೆ ಎನಾಮಲ್ ಪೇಂಟ್, ಗೋಡೆಗೆ ಸುಣ್ಣ, ನೆಲಕ್ಕೆ ಟೈಲ್ಸ್, ಅದರ ಮೇಲೆ ದಾನಿಗಳ ಹೆಸರು ಕೆತ್ತಿದ ಗ್ರಾನೈಟ್ ಕಲ್ಲು. ಸಾವಿರ ವರ್ಷದ ಅಕ್ಷರ ಮುಚ್ಚಿ ನಮ್ಮ ಹೆಸರು ಬರೆಸಿಕೊಳ್ಳುವ ಆಸೆ ನೋಡಿ!

ಒಬ್ಬ ಹಿರಿಯ ಮೇಷ್ಟ್ರು ನನಗೆ ಬುದ್ಧಿ ಹೇಳಿದರು. "ಕಲ್ಲಿನ ವಿಷಯಕ್ಕೆ ಹೋಗಬೇಡಪ್ಪ. ಕನ್ನಡ ಕಲ್ಲು ಅಂದರೆ ಇಲ್ಲಿ ಭಾಷೆ ಜಗಳ ಆಗುತ್ತೆ." ಅವರ ಭಯ ಸುಳ್ಳಲ್ಲ. ಆದರೆ ಜಗಳ ಕಲ್ಲಿನಲ್ಲಿಲ್ಲ ಸ್ವಾಮಿ, ನಮ್ಮ ತಲೆಯಲ್ಲಿದೆ. ಧರ್ಮಪುರಿಯ ಬಳಿ ಸಿಕ್ಕ ಅದಿಯಮಾನ್ ಹೆದ್ದಾರಿಯ ಮೈಲಿಗಲ್ಲಿನಲ್ಲಿ ದೂರವನ್ನು ತಮಿಳಿನಲ್ಲಿ ಬರೆದು, ಓದು ಬಾರದ ದಾರಿಹೋಕರಿಗಾಗಿ ಕುಳಿಗಳನ್ನೂ ಕೊರೆದಿದ್ದಾರೆ. ದೊಡ್ಡ ಕುಳಿ ಎಂದರೆ ಹತ್ತು, ಚಿಕ್ಕದು ಒಂದು. ಎಂಥ ಒಳ್ಳೆ ಮನಸ್ಸು! ಅದೇ ನೆಲದಲ್ಲಿ ನೊಳಂಬರ ಕನ್ನಡವೂ ಇದೆ. ಆಚೆ ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೋಳರ ತಮಿಳು ಶಾಸನಗಳಿವೆ. ಮೈಸೂರಿನಲ್ಲಿದ್ದ ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಕಳಿಸಿ ಎಂದು 2021ರಲ್ಲಿ ಮದರಾಸು ಹೈಕೋರ್ಟ್ ಆದೇಶಿಸಿತು. ತಮಿಳರು ತಮ್ಮ ಶಾಸನಕ್ಕಾಗಿ ಕೋರ್ಟಿಗೆ ಹೋದರು ಎಂದು ಕೆಲವರಿಗೆ ಕೋಪ. ನನಗೆ ಹೊಟ್ಟೆಕಿಚ್ಚು! ನಾವು ನಮ್ಮ ಕಲ್ಲಿಗಾಗಿ ಒಂದು ಅರ್ಜಿಯನ್ನಾದರೂ ಬರೆದಿದ್ದೇವೆಯೇ?

ನನ್ನ ಬೇಡಿಕೆ ಸಣ್ಣದು. ರಕ್ಷಿತ ಸ್ಮಾರಕದ ಫಲಕದಲ್ಲಿ ದಂಡದ ಸಾಲಿಗಿಂತ ಮೊದಲು ಆ ಜಾಗದ ಕಥೆ ನಾಲ್ಕು ಸಾಲು ಇರಲಿ. ಅಲ್ಲಿ ಶಾಸನ ಇದ್ದರೆ ಅದರ ಸಾರ ತಮಿಳಿನಲ್ಲೂ, ಶಾಸನ ಯಾವ ಭಾಷೆಯದೋ ಆ ಭಾಷೆಯಲ್ಲೂ ಇರಲಿ. ಕೋಲಾರದಲ್ಲಿ ತಮಿಳು, ಧರ್ಮಪುರಿಯಲ್ಲಿ ಕನ್ನಡ. ಇದರಲ್ಲಿ ಯಾರಿಗೆ ಏನು ನಷ್ಟ?

ಇನ್ನು ನಾವು ಮೇಷ್ಟ್ರುಗಳು. ಹೊಸೂರು, ತಳಿ, ದೇಂಕಣಿಕೋಟೆ ಕಡೆ ಇರುವ ನಾವು 1965ರವರೆಗೆ ಸೇಲಂ ಜಿಲ್ಲೆಯವರು, 2004ರವರೆಗೆ ಧರ್ಮಪುರಿಯವರು, ಈಗ ಕೃಷ್ಣಗಿರಿಯವರು. ಜಿಲ್ಲೆ ಬದಲಾದರೂ ಕಲ್ಲು ಅಲ್ಲೇ ಇದೆ. ಪ್ರತಿ ಶಾಲೆಯೂ ತನ್ನ ಊರಿನ ಒಂದು ಕಲ್ಲನ್ನು ಹುಡುಕಲಿ. ತೊಳೆಯಬೇಡಿ, ಉಜ್ಜಬೇಡಿ, ಕಿತ್ತು ಶಾಲೆಗೆ ತರಬೇಡಿ. ಫೋಟೋ ತೆಗೆಯಿರಿ, ಎಲ್ಲಿದೆ ಎಂದು ಬರೆದಿಡಿ, ಜಿಲ್ಲಾಧಿಕಾರಿಗೂ ಪುರಾತತ್ವ ಇಲಾಖೆಗೂ ಒಂದು ಪತ್ರ ಹಾಕಿ. ಜಮೀನಿನವರ ಜೊತೆ ಕೂತು ಮಾತಾಡಿ, ಅವರ ಭಾಷೆಯಲ್ಲೇ. ನಮ್ಮ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಕನ್ನಡ ಓದಿ ಏನು ಪ್ರಯೋಜನ ಎಂದು ಅಪ್ಪ ಅಮ್ಮ ಕೇಳುತ್ತಾರೆ. ಈ ಊರಿನ ಕಲ್ಲನ್ನು ಓದಲು ಈ ಊರಿನಲ್ಲಿ ಯಾರಾದರೂ ಇರಬೇಡವೇ ಎಂದು ಒಮ್ಮೆ ಅವರನ್ನು ಕೇಳಿ ನೋಡಿ.

ಅವತ್ತು ವಾಪಸು ಬರುವಾಗ ರಸ್ತೆ ಬದಿಯ ಹೊಲದಲ್ಲಿ ಒಂದು ವೀರಗಲ್ಲು ಕಂಡು ಬಸ್ಸು ನಿಲ್ಲಿಸಿದೆವು. ಅದೇ ಹುಡುಗಿ ಬಗ್ಗಿ ನೋಡಿ ಕೂಗಿದಳು: "ಸಾರ್, ಇದು ನಮ್ಮ ರ ಥರಾನೇ ಇದೆ!" ಮಿಕ್ಕ ಅಕ್ಷರ ಅವಳಿಗೆ ತಿಳಿಯಲಿಲ್ಲ, ನನಗೂ ಅಷ್ಟಾಗಿ ತಿಳಿಯಲಿಲ್ಲ. ಆದರೆ ಬಸ್ಸು ಹತ್ತುವ ಮೊದಲು ಆ ಕಲ್ಲಿಗೆ ಆತು ಕೂತಿದ್ದ ಹುಡುಗನನ್ನು ಅವಳೇ ಎಬ್ಬಿಸಿದಳು. ಅಲ್ಲಿ ಯಾವ ಫಲಕವೂ ಇರಲಿಲ್ಲ.